ಟೈ ಆದ್ರೆ ಮೊದಲು ಏನು ಕೇಳಬೇಕು?

(1/4)

2023ರ ಜನವರಿ 8, ಭಾನುವಾರ ರಾತ್ರಿ. ಅಮೆರಿಕದ ಗ್ರೀನ್ ಬೇ ಊರಿನ ಲ್ಯಾಂಬೋ ಫೀಲ್ಡ್‌ನಲ್ಲಿ ಎನ್‌ಎಫ್‌ಎಲ್ ಲೀಗ್ ಹಂತದ ಕಟ್ಟಕಡೆಯ ಮ್ಯಾಚ್. ಪ್ಯಾಕರ್ಸ್ ಗೆದ್ರೆ ಪ್ಲೇಆಫ್‌ಗೆ ಹೋಗ್ತಾರೆ. ಎದುರಿಗಿದ್ದ ಡೆಟ್ರಾಯ್ಟ್ ಲಯನ್ಸ್ ಗೆದ್ರೆ ಏನೂ ಸಿಗಲ್ಲ.

ಯಾಕೆ ಅಂತೀರಾ? ಅವತ್ತೇ ಕೆಲವು ಗಂಟೆ ಮುಂಚೆ ಸಿಯಾಟಲ್ ಸೀಹಾಕ್ಸ್ ತಂಡ ರ‍್ಯಾಮ್ಸ್ ವಿರುದ್ಧ ಓವರ್‌ಟೈಮ್‌ನಲ್ಲಿ 19-16ರಿಂದ ಗೆದ್ದುಬಿಟ್ಟಿತ್ತು. ಅವರದ್ದು 9 ಗೆಲುವು, 8 ಸೋಲು. ಲಯನ್ಸ್ ಈ ಮ್ಯಾಚ್ ಗೆದ್ರೆ ಅವರದ್ದೂ 9-8. ಹೀಗೆ ಸಮ ಆದಾಗ ಲೀಗ್ ಕೇಳೋ ಮೊದಲ ಪ್ರಶ್ನೆ ಒಂದೇ: ನೀವಿಬ್ರೂ ಎದುರುಬದುರು ಆಡಿದಾಗ ಗೆದ್ದಿದ್ದು ಯಾರು? ಅಕ್ಟೋಬರ್ 2ರಂದು ಡೆಟ್ರಾಯ್ಟ್‌ಗೇ ಬಂದು ಸೀಹಾಕ್ಸ್ 48-45ರಿಂದ ಗೆದ್ದು ಹೋಗಿದ್ರು. ಅಕ್ಟೋಬರಿನಲ್ಲಿ ಕಳ್ಕೊಂಡ ಮೂರು ಪಾಯಿಂಟಿಗೆ ಜನವರಿಯಲ್ಲಿ ಬಾಗಿಲು ಮುಚ್ಚಿತು.

ಕ್ರೂರ ಅನ್ಸುತ್ತೆ ಅಲ್ವಾ? ನನಗೆ ಮಾತ್ರ ಇದು ನ್ಯಾಯ ಅನ್ಸುತ್ತೆ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ.

(2/4)

ಮೊದಲು ಲೆಕ್ಕ ತಿಳ್ಕೊಳ್ಳಿ. ಎನ್‌ಎಫ್‌ಎಲ್‌ನಲ್ಲಿ 32 ತಂಡ, ಎರಡು ಕಾನ್ಫರೆನ್ಸ್. ಪ್ರತಿ ಕಾನ್ಫರೆನ್ಸ್‌ನಲ್ಲಿ ನಾಲ್ಕು ಡಿವಿಷನ್, ಪ್ರತಿ ಡಿವಿಷನ್‌ನಲ್ಲಿ ನಾಲ್ಕು ತಂಡ. ಒಂದೊಂದು ಕಾನ್ಫರೆನ್ಸ್‌ನಿಂದ ಏಳು ತಂಡ ಪ್ಲೇಆಫ್‌ಗೆ ಹೋಗುತ್ತೆ: ಡಿವಿಷನ್ ಗೆದ್ದ ನಾಲ್ಕು, ಉಳಿದವರಲ್ಲಿ ಚೆನ್ನಾಗಿ ಆಡಿದ ಮೂರು. ಈ ಮೂರಕ್ಕೆ ವೈಲ್ಡ್ ಕಾರ್ಡ್ ಅಂತಾರೆ. ಒಂದು ತಂಡಕ್ಕೆ ಸಿಗೋದು ಬರೀ 17 ಮ್ಯಾಚ್. ಹಾಗಾಗಿ ಟೈ ಆಗೋದು ತೀರಾ ಮಾಮೂಲಿ.

ಒಂದೇ ಡಿವಿಷನ್‌ನ ತಂಡಗಳು ಸಮ ಆದ್ರೆ 12 ಹಂತದ ಪಟ್ಟಿ ಇದೆ. ಮೊದಲು ಪರಸ್ಪರ ಆಡಿದ ಮ್ಯಾಚ್. ಆಮೇಲೆ ಡಿವಿಷನ್ ಒಳಗಿನ ದಾಖಲೆ. ಆಮೇಲೆ ಇಬ್ಬರೂ ಆಡಿದ ಸಮಾನ ಎದುರಾಳಿಗಳ ವಿರುದ್ಧದ ದಾಖಲೆ. ನಂತರ ಕಾನ್ಫರೆನ್ಸ್ ದಾಖಲೆ. ಐದನೇದು, ನೀವು ಸೋಲಿಸಿದ ತಂಡಗಳು ಒಟ್ಟಾರೆ ಎಷ್ಟು ಗೆದ್ದಿವೆ ಅನ್ನೋದು. ಆರನೇದು, ನೀವು ಆಡಿದ ಎಲ್ಲಾ ತಂಡಗಳು ಎಷ್ಟು ಗೆದ್ದಿವೆ ಅನ್ನೋದು. ಎಷ್ಟು ಪಾಯಿಂಟ್ ಹೊಡೆದ್ರಿ, ಎಷ್ಟು ಬಿಟ್ಟುಕೊಟ್ರಿ ಅನ್ನೋ ಮಾತು ಬರೋದೇ ಏಳನೇ ಹಂತದಲ್ಲಿ. ಕಟ್ಟಕಡೆಗೆ ಟಾಸ್. ವೈಲ್ಡ್ ಕಾರ್ಡ್ ಪಟ್ಟಿ ಸ್ವಲ್ಪ ಬೇರೆ, ಆದ್ರೆ ಅಲ್ಲೂ ಪಾಯಿಂಟ್ ಲೆಕ್ಕ ಕೆಳಗೇ ಇರೋದು.

ಅಂದ್ರೆ ಲೀಗ್ ಮೊದಲು ಕೇಳೋದು "ಯಾರನ್ನ ಸೋಲಿಸಿದೆ?" ಅಂತ. "ಎಷ್ಟರಿಂದ ಸೋಲಿಸಿದೆ?" ಅನ್ನೋದು ಆಮೇಲಿನ ಮಾತು. ನನ್ನ ವಾದ ಇಷ್ಟೇ: ಈ ಕ್ರಮ ಸರಿ.

(3/4)

ಈಗ ನಮ್ಮ ಕಡೆ ಬನ್ನಿ. ಐಪಿಎಲ್‌ನಲ್ಲಿ ಪಾಯಿಂಟ್ ಸಮ, ಗೆಲುವು ಸಮ ಅಂದ್ರೆ ನೇರ ನೆಟ್ ರನ್‌ರೇಟ್. 2024ರ ಮೇ 18 ನೆನಪಿದೆಯಲ್ವಾ? ಮರೆಯೋಕಾಗುತ್ತಾ! ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 218. ಕೊನೇ ಓವರ್‌ನಲ್ಲಿ ಸಿಎಸ್‌ಕೆಗೆ ಗೆಲ್ಲೋಕೆ 35 ಬೇಕು, ಆದ್ರೆ ಪ್ಲೇಆಫ್‌ಗೆ 17 ಸಾಕು. ಸೋತೂ ಮುಂದೆ ಹೋಗಬಹುದಿತ್ತು! ಧೋನಿ ಮೊದಲ ಬಾಲಿಗೆ ಸಿಕ್ಸ್, ಎರಡನೇದಕ್ಕೆ ಔಟ್. ನಾವು 27 ರನ್‌ಗಳಿಂದ ಗೆದ್ವಿ, ಒಳಗೆ ಹೋದ್ವಿ.

ಆ ವರ್ಷ 14 ಪಾಯಿಂಟ್‌ನಲ್ಲಿ ನಾಲ್ಕು ತಂಡ ಇತ್ತು: ಆರ್‌ಸಿಬಿ, ಸಿಎಸ್‌ಕೆ, ಡೆಲ್ಲಿ, ಲಕ್ನೋ. ನಾನೊಂದು ಸಲ ಕೂತು, ಈ ನಾಲ್ವರು ಪರಸ್ಪರ ಆಡಿದ ಮ್ಯಾಚ್‌ಗಳನ್ನ ಮಾತ್ರ ಎನ್‌ಎಫ್‌ಎಲ್ ಡಿವಿಷನ್ ನಿಯಮದ ಥರ ಲೆಕ್ಕ ಹಾಕಿದೆ. ಡೆಲ್ಲಿ 3 ಗೆಲುವು 1 ಸೋಲು. ಲಕ್ನೋ 3-2. ಆರ್‌ಸಿಬಿ 2-2. ಸಿಎಸ್‌ಕೆ 1-4.

ಹೌದು, ಡೆಲ್ಲಿ ಹೋಗಬೇಕಿತ್ತು. ನಾವಲ್ಲ.

ಬಯ್ಯೋರು ಬಯ್ಯಿರಿ, ಆದ್ರೆ ಒಂದ್ಸಲ ಯೋಚ್ನೆ ಮಾಡಿ. ಏಪ್ರಿಲ್ 3ರಂದು ಕೆಕೆಆರ್ 272 ಹೊಡೆದು ಡೆಲ್ಲಿಯನ್ನ 106 ರನ್‌ಗಳಿಂದ ಸೋಲಿಸ್ತು. ಅಂಥ ಒಂದು ಕೆಟ್ಟ ರಾತ್ರಿ ರನ್‌ರೇಟ್‌ನಲ್ಲಿ ಸೀಸನ್ ಪೂರ್ತಿ ಬೆನ್ನು ಬಿಡಲ್ಲ. ಎನ್‌ಎಫ್‌ಎಲ್ ಪಟ್ಟಿಯ ಮೊದಲ ಆರು ಹಂತದಲ್ಲಿ ಅದು ಬರೀ ಒಂದು ಸೋಲು. ಸಮ ಬಂದಿರೋ ಇಬ್ಬರಲ್ಲಿ ಯಾರು ಮೇಲು ಅಂತ ತೀರ್ಮಾನ ಮಾಡೋಕೆ, ಮೂರನೆಯವನು ಇವರಲ್ಲೊಬ್ಬನಿಗೆ ಎಷ್ಟು ಜೋರಾಗಿ ಹೊಡೆದ ಅನ್ನೋದು ಮೊದಲ ಸಾಕ್ಷಿ ಆಗಬಾರದು. ಅವರಿಬ್ಬರೇ ಆಡಿದ ಮ್ಯಾಚ್ ಆಗಬೇಕು. ನಾನು ಆರ್‌ಸಿಬಿ ಫ್ಯಾನ್. ನನ್ನ ತಂಡಕ್ಕೆ ಲಾಭ ಆದಾಗ ಮಾತ್ರ ನಿಯಮ ಚೆನ್ನಾಗಿದೆ ಅಂದ್ರೆ ಅದು ಅಭಿಪ್ರಾಯ ಅಲ್ಲ, ಸ್ವಾರ್ಥ.

(4/4)

ಹಾಗಂತ ಎನ್‌ಎಫ್‌ಎಲ್ ಪಟ್ಟಿಯಲ್ಲಿ ತಪ್ಪೇ ಇಲ್ಲ ಅಂತಲ್ಲ. ಕೆಳಗಿಳಿದಷ್ಟೂ ಪ್ರಶ್ನೆಗಳು ನಿಮ್ಮ ಕೈ ಮೀರಿ ಹೋಗುತ್ತೆ. 2024ರ ಸೀಸನ್‌ನಲ್ಲಿ ರ‍್ಯಾಮ್ಸ್, ಸೀಹಾಕ್ಸ್ ಇಬ್ಬರೂ 10-7. ಪರಸ್ಪರ ಒಂದೊಂದು ಗೆಲುವು. ಐದನೇ ಹಂತದವರೆಗೂ ಹೋಗಿ ರ‍್ಯಾಮ್ಸ್ ಡಿವಿಷನ್ ಗೆದ್ರು. ಅದು ಖಚಿತ ಆದ ದಿನ ಅವರು ಆಡ್ತಾನೇ ಇರ್ಲಿಲ್ಲ, ಹಿಂದಿನ ದಿನವೇ ಆಡಿ ಮುಗಿಸಿದ್ರು. ಬೇರೆಯವರ ಮ್ಯಾಚ್‌ಗಳು ತೀರ್ಮಾನ ಮಾಡಿದ್ವು. ಸೀಹಾಕ್ಸ್ ಮನೆಗೆ.

ಇನ್ನೊಂದು ಹಳೇ ದೂರು 2008ರದ್ದು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11-5 ಇದ್ರೂ ಹೊರಗೆ. ಸ್ಯಾನ್ ಡಿಯಾಗೋ ಚಾರ್ಜರ್ಸ್ 8-8 ಇದ್ರೂ ಒಳಗೆ. ಇದಕ್ಕೆ ಟೈಬ್ರೇಕರನ್ನ ಬಯ್ಯೋರು ಬಹಳ ಜನ. ಆದ್ರೆ ಸರಿಯಾಗಿ ನೋಡಿ. ಪೇಟ್ರಿಯಟ್ಸ್ ಸಮ ಆಗಿದ್ದು ಮಯಾಮಿ ಡಾಲ್ಫಿನ್ಸ್, ಬಾಲ್ಟಿಮೋರ್ ರೇವನ್ಸ್ ಜೊತೆ. ಕಾನ್ಫರೆನ್ಸ್ ದಾಖಲೆಯಲ್ಲಿ ಅವರಿಬ್ಬರದ್ದು 8-4, ಇವರದ್ದು 7-5. ಅಲ್ಲಿ ಮೋಸ ಏನೂ ಇಲ್ಲ. ಚಾರ್ಜರ್ಸ್ ಒಳಗೆ ಹೋಗಿದ್ದು ಡಿವಿಷನ್ ಗೆದ್ದವರಿಗೆ ಸೀಟ್ ಗ್ಯಾರಂಟಿ ಅನ್ನೋ ಬೇರೆಯೇ ನಿಯಮದಿಂದ. ಜಗಳ ಆಡೋದಾದ್ರೆ ಆ ನಿಯಮದ ಜೊತೆ ಆಡಿ.

ಕೊನೆಗೆ ಲಯನ್ಸ್ ಕಥೆ ಮುಗಿಸ್ತೀನಿ. ಆ ಸೀಸನ್‌ನ ಮೊದಲ ಏಳು ಮ್ಯಾಚ್‌ನಲ್ಲಿ ಗೆದ್ದಿದ್ದು ಒಂದೇ ಒಂದು. ಅಲ್ಲಿಂದ ಎದ್ದು ಬಂದವರು, ಬಾಗಿಲು ಮುಚ್ಚಿದೆ ಅಂತ ಗೊತ್ತಿದ್ದೂ ಲ್ಯಾಂಬೋದಲ್ಲಿ ಇಳಿದು 20-16ರಿಂದ ಪ್ಯಾಕರ್ಸ್‌ನ ಸೋಲಿಸಿದ್ರು. ಪ್ಯಾಕರ್ಸ್ ಪರ ಆರನ್ ರಾಜರ್ಸ್ ಆಡಿದ ಕೊನೇ ಮ್ಯಾಚ್ ಅದೇ ಆಯ್ತು. ಲಯನ್ಸ್‌ನ ಆ ಗೆಲುವಿನಿಂದ ಪ್ಲೇಆಫ್‌ಗೆ ಹೋಗಿದ್ದು ಯಾರು ಗೊತ್ತಾ? ಅಕ್ಟೋಬರಿನಲ್ಲಿ ಅವರನ್ನ ಸೋಲಿಸಿದ್ದ ಅದೇ ಸೀಹಾಕ್ಸ್.

ಅವರನ್ನ ತಡೆದಿದ್ದು ರನ್‌ರೇಟ್ ಥರದ ದಶಮಾಂಶ ಅಲ್ಲ. ಅವರೇ ಆಡಿ, ಅವರೇ ಸೋತ ಒಂದು ಮ್ಯಾಚ್. ಸೋತವನಿಗೂ ಒಪ್ಪಿಕೊಳ್ಳೋಕೆ ಆಗೋ ಉತ್ತರ ಅಂದ್ರೆ ಅದು.

ಈಗ ನೀವು ಹೇಳಿ. ಐಪಿಎಲ್ ನಿಯಮ ಬರೆಯೋ ಪೆನ್ನು ನಿಮ್ಮ ಕೈಗೆ ಕೊಟ್ರೆ ಮೊದಲ ಪ್ರಶ್ನೆ ಯಾವುದು? 2024 ಮರೆತು ಉತ್ತರ ಕೊಡಿ, ನೋಡೋಣ.

#ಎನ್‌ಎಫ್‌ಎಲ್ #ಟೈಬ್ರೇಕರ್ #ಕನ್ನಡದಲ್ಲಿಕ್ರೀಡೆ