ಹಣ ಕೊಟ್ಟು ಕೊಳ್ಳುವ ಅನುಭವ

ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳು ಈಗ ಇಂಜಿನಿಯರಿಂಗ್ ಓದುವ ಕಾಲ ಬಂದಿದೆ. ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ ನನ್ನ ಬಳಿ ಗಣಿತ ಕಲಿತವರು ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಈಚೆಗೆ ಕೇಳುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಹುಡುಗನಿಗೆ ಇಂಟರ್ನ್‌ಶಿಪ್ ಅಂತೆ. ಬೆಂಗಳೂರಲ್ಲಿ ಯಾವುದೋ ಕಂಪನಿಯವರು ದುಡ್ಡು ಕಟ್ಟಿದರೆ ಮಾಡಿಸಿ ಸರ್ಟಿಫಿಕೇಟ್ ಕೊಡ್ತಾರಂತೆ. ಕಟ್ಟಲೋ ಬೇಡವೋ?" ಬೇಡ ಎಂಬುದೇ ನನ್ನ ಉತ್ತರ. ಆದರೆ ಕಾರಣ ವಿವರಿಸುವಷ್ಟು ವ್ಯವಧಾನ ಮದುವೆಮನೆಯಲ್ಲಿ ಇರುವುದಿಲ್ಲ. ಅಷ್ಟರಲ್ಲಿ ಎಲೆ ಹಾಕಿದರೆಂದು ಯಾರಾದರೂ ಕರೆಯುತ್ತಾರೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಎಂದರೆ 4 ವಾರಗಳ ಮಾತಾಗಿತ್ತು. 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ 14ರಿಂದ 20 ವಾರಗಳನ್ನು ಮೀಸಲಿಟ್ಟಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯನ್ನೇ ನೋಡಿ. ತುಮಕೂರಿನಲ್ಲಿ 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, 1979ರ ಶ್ರೀ ಸಿದ್ಧಾರ್ಥ ಕಾಲೇಜಿದೆ, ಗುಬ್ಬಿಯಲ್ಲಿ 2001ರಿಂದ ಚನ್ನಬಸವೇಶ್ವರ ಕಾಲೇಜಿದೆ. ಪ್ರತಿ ವರ್ಷ ಇಷ್ಟೂ ಕಡೆಯ ಮಕ್ಕಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೆಲಸದ ಜಾಗ ಹುಡುಕುತ್ತಾ ಹೊರಡುತ್ತಾರೆ. ಜಾಗ ಕಡಿಮೆ, ಕೇಳುವವರು ಹೆಚ್ಚು. ಇಂತಹ ಕಡೆ ವ್ಯಾಪಾರ ಹುಟ್ಟುವುದಕ್ಕೆ ತಡವೇನು? ಮಕ್ಕಳಿಂದಲೇ ಶುಲ್ಕ ಪಡೆದು, ಆನ್‌ಲೈನಿನಲ್ಲಿ ನಾಲ್ಕು ಪಾಠ ತೋರಿಸಿ, ಎಲ್ಲರಿಗೂ ಒಂದೇ 'ಪ್ರಾಜೆಕ್ಟ್' ಹಂಚಿ, ಬಣ್ಣದ ಪ್ರಮಾಣಪತ್ರ ಕಳುಹಿಸುವವರು ಹುಟ್ಟಿಕೊಂಡರು. ಅಡಿಕೆ ಮಾರಿದ ಹಣದಲ್ಲಿ ಇದನ್ನು ಕಟ್ಟಿದ ಒಬ್ಬ ತಂದೆಯನ್ನು ನಾನು ಬಲ್ಲೆ. ಮಗನನ್ನು ಮುಂದೆ ಒಂದು ಸಂದರ್ಶನದಲ್ಲಿ, "ಈ ಪ್ರಾಜೆಕ್ಟಿನಲ್ಲಿ ನಿನಗೆ ಎಲ್ಲಿ ಕಷ್ಟವಾಯಿತು?" ಎಂದು ಕೇಳಿದರಂತೆ. ಹುಡುಗನ ಬಳಿ ಉತ್ತರವಿರಲಿಲ್ಲ. ಕಷ್ಟವೇ ಆಗಿರಲಿಲ್ಲವಲ್ಲ!

ಕೆಲಸದ ಅನುಭವವೆಂದರೆ ಆ ಕಷ್ಟದ ಪರಿಚಯವೇ. ಸಿವಿಲ್ ಓದುವವರ ಮಾತನ್ನೇ ತೆಗೆದುಕೊಳ್ಳಿ. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯಬೇಕೆಂದು ಪುಸ್ತಕದಲ್ಲಿ ಒಂದೇ ವಾಕ್ಯದಲ್ಲಿದೆ. ಕಟ್ಟಡದ ಜಾಗಕ್ಕೆ ಹೋದವನು 150 ಮಿಲಿಮೀಟರಿನ ಅಚ್ಚಿಗೆ ಕಾಂಕ್ರೀಟ್ ತುಂಬಿ, ಮಾರನೆಯ ದಿನ ಬಿಚ್ಚಿ, ನೀರಿನಲ್ಲಿಟ್ಟು, 7ನೆಯ ದಿನ ಒಂದಿಷ್ಟನ್ನು ಒಡೆದು ನೋಡಿ, ಉಳಿದವಕ್ಕಾಗಿ 28ನೆಯ ದಿನದವರೆಗೆ ಕಾಯಬೇಕು. ಹಳೆಯ 4 ವಾರದ ಇಂಟರ್ನ್‌ಶಿಪ್‌ನಲ್ಲಿ ಮೊದಲ ದಿನ ಹಾಕಿದ ಕ್ಯೂಬಿನ ಫಲಿತಾಂಶ ಹೊರಡುವ ದಿನ ಸಿಗುತ್ತಿತ್ತು ಅಷ್ಟೆ! ಈ ನಡುವೆ ಮೇಲಿನ ಅಂತಸ್ತಿನ ಕೆಲಸ ನಿಲ್ಲುವುದಿಲ್ಲ. ಫಲಿತಾಂಶ ಕಡಿಮೆ ಬಂದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಮೇಸ್ತ್ರಿ ಏನೆನ್ನುತ್ತಾನೆ, ಗುತ್ತಿಗೆದಾರ ಏನೆನ್ನುತ್ತಾನೆ — ಇದು ಪುಸ್ತಕದಲ್ಲಿಲ್ಲ. ಮೆಕ್ಯಾನಿಕಲ್‌ನವರಿಗೂ ಹಾಗೆಯೇ. ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ಪದವಿ ಇರುವುದಿಲ್ಲ. ಆದರೆ ಶಬ್ದ ಕೇಳಿಯೇ ಟೂಲ್ ಮೊಂಡಾಗಿದೆ ಎನ್ನುತ್ತಾನೆ. ಅವನನ್ನು 'ಅಣ್ಣಾ' ಎಂದು ಕರೆದು ಕೇಳುವ ವಿನಯ ಇದ್ದವನಿಗೆ ವಿದ್ಯೆ ಬರುತ್ತದೆ. ಕಂಪ್ಯೂಟರಿನವರು ಹೊಸದೇನನ್ನೋ ಬರೆಯುತ್ತೇವೆಂದು ಹೋಗಿ, ಇನ್ಯಾರೋ ಬರೆದಿಟ್ಟುಹೋದ ಹಳೆಯದನ್ನು ಓದುವುದರಲ್ಲಿಯೇ ತಿಂಗಳು ಕಳೆಯುತ್ತಾರೆ. ಬೇಸರಪಡಬಾರದು. ಅದೇ ಅವರ ಮುಂದಿನ ವೃತ್ತಿಯ ಬಹುಭಾಗ.

ಗುಬ್ಬಿಯವರಿಗೆ ಇಂಟರ್ನ್‌ಶಿಪ್ ಹೊಸದೇನಲ್ಲ ಎಂದು ನಾನು ತಮಾಷೆಗೆ ಹೇಳುವುದುಂಟು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಗೆ ವೀರಣ್ಣನವರು ಸ್ವತಃ ಬಾಲಕರಾಗಿ ಸೇರಿದವರು. ಮುಂದೆ ಅವರ ಯಜಮಾನಿಕೆಯಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತರು ಚಿಕ್ಕ ವಯಸ್ಸಿನಲ್ಲಿಯೇ ಅಲ್ಲಿ ಕೆಲಸ ಕಲಿತರು. ಕಾರಂತರನ್ನು ಹೆಚ್ಚಿನ ಓದಿಗೆ ಬನಾರಸಿಗೆ ಕಳುಹಿಸಿದವರೂ ವೀರಣ್ಣನವರೇ. ಕಲಿಯಲು ಬಂದ ಹುಡುಗರಿಗೆ ಕಂಪನಿ ಅನ್ನ ಹಾಕುತ್ತಿತ್ತು; ಅವರಿಂದ ಶುಲ್ಕ ಕೇಳುತ್ತಿರಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಇನ್ನು ದೊಡ್ಡ ಕಾರ್ಖಾನೆಗಳ ಮಾತು. 1970ರ ದಶಕದ ಕೊನೆಯಲ್ಲಿ ತುಮಕೂರಿಗೆ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಬಂದಾಗ ಮಗನಿಗೆ ಅಲ್ಲಿ ಕೆಲಸ ಸಿಕ್ಕಿತೆಂದರೆ ಹೆಣ್ಣು ಕೊಡುವವರು ಮನೆ ಬಾಗಿಲಿಗೆ ಬರುತ್ತಿದ್ದರು. ಐ.ಟಿ.ಐ. ಮುಗಿಸಿ ಕಾರ್ಖಾನೆಗಳಿಗೆ ಅಪ್ರೆಂಟಿಸ್ ಆಗಿ ಸೇರಿದ ನನ್ನ ಶಿಷ್ಯರು, ಆರಂಭದ ದಿನಗಳೆಲ್ಲ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದರಲ್ಲೇ ಕಳೆದವೆಂದು ಗೊಣಗುತ್ತಿದ್ದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಅದೇ ತಿಂಗಳು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. 615 ಎಕರೆಯ ಆ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಈಗ ತಂದೆತಾಯಿಗಳ ಕಣ್ಣೆಲ್ಲ ಆ ಗೇಟಿನ ಮೇಲಿದೆ. ಸಿಕ್ಕವರು ಪುಣ್ಯವಂತರು. ಆದರೆ ಅದು ಸಿಗಲಿಲ್ಲವೆಂದು ಪ್ರಮಾಣಪತ್ರ ಕೊಳ್ಳುವ ಬದಲು ವಸಂತನರಸಾಪುರದ, ಕುಣಿಗಲ್ಲಿನ ಅಂಚೇಪಾಳ್ಯದ ಸಣ್ಣ ಘಟಕಗಳ ಬಾಗಿಲನ್ನು ಏಕೆ ತಟ್ಟಬಾರದು? ಸಣ್ಣ ಕಡೆ ಒಬ್ಬ ಹುಡುಗ ಖರೀದಿ, ತಯಾರಿಕೆ, ಅಳತೆ, ರಿಜೆಕ್ಟ್ ಆದ ಮಾಲು, ಬಾಕಿ ಬರಬೇಕಾದ ಹಣ ಎಲ್ಲವನ್ನೂ ಒಂದೇ ಶೆಡ್ಡಿನಲ್ಲಿ ನೋಡಬಹುದು. "ಇಷ್ಟು ಓದಿಸಿ ಗ್ಯಾರೇಜಿಗೆ ಕಳಿಸೋದಾ ಮೇಷ್ಟ್ರೇ?" ಎಂದವರೂ ಇದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಹಿಂಜರಿಕೆ ಇಮ್ಮಡಿ. ಹೋಗಿ ಬರುವ ಬಸ್ಸು, ಶೌಚಾಲಯ, ಜೊತೆಗಿರುವ ಜನ ಇವನ್ನು ತಂದೆತಾಯಿಗಳು ಒಮ್ಮೆ ಹೋಗಿ ಕಣ್ಣಾರೆ ನೋಡಿಬರಲಿ. ಸರಿಯಿದ್ದರೆ ಮಗಳನ್ನು ತಡೆಯದಿರಲಿ.

ಸಂಬಳದ ಬಗ್ಗೆಯೂ ಗೊಂದಲವಿದೆ. ಪದವಿ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಡಿ ಸೇರುವ ತರಬೇತಿಗೆ ಕನಿಷ್ಠ ಸ್ಟೈಪೆಂಡ್ ಉಂಟು. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ಅದನ್ನು ತಿಂಗಳಿಗೆ 9,000 ರೂಪಾಯಿ ಎಂದು ಗೊತ್ತುಮಾಡಿದರು. ಓದುವಾಗಿನ ಸಾಮಾನ್ಯ ಇಂಟರ್ನ್‌ಶಿಪ್ ಈ ಕಾಯಿದೆಯ ಅಪ್ರೆಂಟಿಸ್‌ಶಿಪ್ ಅಲ್ಲ. ಅಲ್ಲಿ ಆ ಮೊತ್ತವನ್ನು ಹಕ್ಕಿನಿಂದ ಕೇಳುವಂತಿಲ್ಲ. ಆದರೆ ಮೂರು ಮಾತನ್ನು ಸಂಕೋಚವಿಲ್ಲದೆ ಕೇಳಬಹುದು: ನನಗೆ ಹೇಳಿಕೊಡುವವರು ಯಾರು, ನಾನು ಮಾಡುವ ಕೆಲಸವೇನು, ಬಸ್ಸಿನ ಖರ್ಚಾದರೂ ಸಿಗುವುದೇ? ಮೊದಲೆರಡಕ್ಕೆ ಉತ್ತರವಿಲ್ಲದ ಕಡೆ ಹೋಗಬಾರದು. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆಂದರೆ ಎದ್ದು ಬರಬೇಕು. ಅವನ್ನು ಮೊದಲ ಕೆಲಸದಲ್ಲಿ ಕೊಟ್ಟು, ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದ ಹುಡುಗ ನಮ್ಮ ನೆಂಟರಲ್ಲಿಯೇ ಇದ್ದಾನೆ.

ಕೊನೆಗೆ ಒಂದು ಕೋರಿಕೆ. ಇದನ್ನು ಓದುತ್ತಿರುವ ನನ್ನ ಶಿಷ್ಯರಲ್ಲಿ ವರ್ಕ್‌ಶಾಪ್ ಇಟ್ಟವರಿದ್ದೀರಿ, ಕಟ್ಟಡದ ಗುತ್ತಿಗೆ ಮಾಡುವವರಿದ್ದೀರಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿರುವವರೂ ಇದ್ದೀರಿ. ವರ್ಷಕ್ಕೆ ಇಬ್ಬರು ಮಕ್ಕಳಿಗೆ ಜಾಗ ಕೊಡಲು ಸಾಧ್ಯವೇ ಯೋಚಿಸಿ. ಟೀ ತರಲು, ಫೋಟೋಕಾಪಿ ಮಾಡಿಸಲು ಅಲ್ಲ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ದಿನಕ್ಕೆ ಅರ್ಧ ಗಂಟೆ ನಿಮ್ಮ ಸಮಯ ಸಾಕು. ಒಪ್ಪುವವರು ನನಗೆ ತಿಳಿಸಿ. ಕೇಳಿಕೊಂಡು ಬಂದ ಮಕ್ಕಳ ಪಟ್ಟಿ ನನ್ನ ಮೇಜಿನ ಮೇಲಿದೆ. ಸದ್ಯಕ್ಕೆ ಹನ್ನೊಂದು ಹೆಸರು, ಅವರಲ್ಲಿ ನಾಲ್ವರು ಹುಡುಗಿಯರು.