ಹೆಸರೂ ಬೆಂಗಳೂರಿನದು, ಕೊಳಚೆಯೂ ಬೆಂಗಳೂರಿನದು, ಅಧಿಕಾರ ಯಾರದು?

2025ರ ಮೇ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲ ಸಭೆ ಸೇರಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೊಸ ಹೆಸರಿಡಲು ತೀರ್ಮಾನಿಸಿತು. ರಾಮನ ಹೆಸರು ಹೋಯಿತೆಂದು ಕೆಲವರು ಎದೆ ಬಡಿದುಕೊಂಡರು. ಬೆಂಗಳೂರಿನ ಹೆಸರು ಬಂತೆಂದು ಕೆಲವರು ಬೀಗಿದರು. ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವವನನ್ನಾಗಲಿ, ಐಜೂರಿನ ಚಿಲ್ಲರೆ ಅಂಗಡಿಯವನನ್ನಾಗಲಿ, ಉಯ್ಯಂಬಳ್ಳಿ ಹೋಬಳಿಯ ರೇಷ್ಮೆ ಬೆಳೆಗಾರನನ್ನಾಗಲಿ ‘ಏನಪ್ಪಾ, ನಿನ್ನ ಜಿಲ್ಲೆಗೆ ಯಾವ ಹೆಸರು ಬೇಕು?’ ಎಂದು ಕೇಳಿದವರು ಯಾರು? ಮಗುವಿಗೆ ಹೆಸರಿಡುವಾಗ ಸೋದರತ್ತೆಯನ್ನಾದರೂ ಕರೆಯುವ ಪದ್ಧತಿ ನಮ್ಮಲ್ಲಿದೆ. ಹತ್ತು ಲಕ್ಷಕ್ಕೂ ಮೀರಿದ ಜನರಿರುವ ಜಿಲ್ಲೆಗೆ ಹೆಸರಿಡುವಾಗ ಅಷ್ಟು ಮರ್ಯಾದೆಯೂ ಸಲ್ಲಲಿಲ್ಲ.

ಹೆಸರು ಬದಲಾಗುವುದು ನಮಗೆ ಹೊಸದೇನೂ ಅಲ್ಲ. ಟಿಪ್ಪುವಿನ ಕಾಲದಲ್ಲಿ ಈ ಊರು ಶಂಸೇರಾಬಾದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್ ಎಂಬ ಕಂಪನಿ ಸರ್ಕಾರದ ಸೇನಾಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರ. ಪರದೇಶದ ದಂಡನಾಯಕನ ಹೆಸರು ಅಳಿಸಿದ್ದು ಸರಿಯೇ. ಅದಕ್ಕೆ ನಮ್ಮ ತಕರಾರಿಲ್ಲ. ಜಿಲ್ಲೆಯ ಮಾತಿಗೆ ಬಂದರೆ, 1986ರವರೆಗೆ ನಾವು ಬೆಂಗಳೂರು ಜಿಲ್ಲೆಯವರು, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆ. ‘ಮೂಲತಃ ನಾವು ಬೆಂಗಳೂರಿನವರೇ ಅಲ್ಲವೇ’ ಎನ್ನುವವರ ಮಾತು ಆ ಮಟ್ಟಿಗೆ ನಿಜ. ಆದರೆ ಹೆಸರು ಕ್ಷೀರಸಾಗರಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ಹುಟ್ಟಿದ್ದು ಇಂಥ ಊರುಗಳನ್ನು ನೋಡಿಯೇ ಇರಬೇಕು.

ದೊಡ್ಡ ಮನುಷ್ಯರ ಬರವಂತೂ ನಮಗೆ ಎಂದೂ ಇರಲಿಲ್ಲ. ವಿಧಾನಸೌಧ ಕಟ್ಟಿಸಿದ ಕೆಂಗಲ್ಲರು ಪಕ್ಕದ ಲಕ್ಕಪ್ಪನಹಳ್ಳಿಯವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ ಮೇಲೆ ವಿಧಾನಸಭೆಗೆ ಆರಿಸಿ ಬಂದದ್ದು ಕನಕಪುರದಿಂದ. 1994ರಲ್ಲಿ ದೇವೇಗೌಡರು ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, ಅಲ್ಲಿಂದ ದೆಹಲಿಗೂ ಹೋದರು. ಕುಮಾರಸ್ವಾಮಿಯವರು ಎರಡು ಸಲ ಆ ಕುರ್ಚಿಯಲ್ಲಿ ಕುಳಿತರು. 2023ರಲ್ಲಿ ಉಪಮುಖ್ಯಮಂತ್ರಿಯಾದ ಡಿ.ಕೆ. ಶಿವಕುಮಾರರು ಕನಕಪುರದವರು. ನಮ್ಮಲ್ಲಿ ಕೆಲವರು ಶಾಲೆಯಲ್ಲಿ ಮಕ್ಕಳಿಗೆ ಕೂಡುವ ಲೆಕ್ಕ ಹೇಳಿಕೊಟ್ಟು ಬಂದವರು. ಈ ಲೆಕ್ಕ ಮಾತ್ರ ಎಷ್ಟು ಸಲ ಕೂಡಿದರೂ ತಾಳೆಯಾಗುವುದಿಲ್ಲ. ಮುಖ್ಯಮಂತ್ರಿಗಳನ್ನು ಕೊಟ್ಟ ಊರಿಗೆ ತನ್ನ ಚರಂಡಿಯ ಮೇಲೆ ತನಗೇ ಅಧಿಕಾರವಿಲ್ಲದೆ ಹೋದದ್ದು ಹೇಗೆ?

ಹೇಗೆಂದರೆ, ಹೀಗೆ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಕೊಟ್ಟಿತು. ಊರಿನ ಯೋಜನೆ, ರಸ್ತೆ, ನೀರು, ನೈರ್ಮಲ್ಯ ಎಲ್ಲವೂ ಅದರಲ್ಲಿವೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ! ಊರಿನ ಯೋಜನೆ ಮಾಡಲು ನಗರಾಭಿವೃದ್ಧಿ ಪ್ರಾಧಿಕಾರವೊಂದಿದೆ. ಅದರ ಅಧ್ಯಕ್ಷರನ್ನು ನಾವು ಆರಿಸುವುದಿಲ್ಲ, ಸರ್ಕಾರ ನೇಮಿಸುತ್ತದೆ. ನೀರು, ಒಳಚರಂಡಿಯ ದೊಡ್ಡ ಕಾಮಗಾರಿಗೆ ರಾಜ್ಯದ ಮಂಡಳಿ. ನಗರಸಭೆಯ ಪೌರಾಯುಕ್ತರು ಸರ್ಕಾರದ ನೌಕರರು. ಅವರ ವರ್ಗಾವಣೆಯ ಹಗ್ಗ ಬೆಂಗಳೂರಿನಲ್ಲಿದೆ. ಅಧ್ಯಕ್ಷ ಗಾದಿ ಯಾವ ವರ್ಗಕ್ಕೆ ಮೀಸಲೆಂಬ ಪಟ್ಟಿಯೂ ಅಲ್ಲಿಂದಲೇ ಬರಬೇಕು. ಪಟ್ಟಿ ತಡವಾದರೆ, ಅದರ ಮೇಲೆ ಯಾರಾದರೂ ಕೋರ್ಟಿಗೆ ಹೋದರೆ, ಗೆದ್ದ ಸದಸ್ಯರು ಬಿಳಿ ಬಟ್ಟೆ ತೊಟ್ಟು ಮನೆಯಲ್ಲಿ ಕೂರಬೇಕು. 2021ರ ಏಪ್ರಿಲ್‌ನಲ್ಲಿ ರಾಮನಗರದ ಜನ ಸಾಲು ನಿಂತು 31 ವಾರ್ಡುಗಳಿಗೆ ಸದಸ್ಯರನ್ನು ಆರಿಸಿದರು. ಆ 31 ಜನರ ಕೈಗೆ ಸರ್ಕಾರ ಕೊಟ್ಟದ್ದೇನು? ಬೀದಿದೀಪ, ಕಸ, ಖಾತೆ. ಜೊತೆಗೆ ಜನರ ಬೈಗುಳ.

ಇನ್ನೊಂದು ಚೋದ್ಯ ಕೇಳಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ ಮಾತ್ರ ವಾರ್ಡು ಸಮಿತಿ ಕಡ್ಡಾಯವೆಂದು ಸಂವಿಧಾನ ಹೇಳುತ್ತದೆ. 2011ರ ಜನಗಣತಿಯಲ್ಲಿ ರಾಮನಗರದ ಜನಸಂಖ್ಯೆ ಸುಮಾರು 95 ಸಾವಿರ, ಚನ್ನಪಟ್ಟಣದ್ದು 72 ಸಾವಿರ, ಕನಕಪುರದ್ದು 54 ಸಾವಿರ. ಸಣ್ಣ ಊರಿನವರಿಗೆ ಬುದ್ಧಿಯೂ ಸಣ್ಣದೆಂದು ತಿಳಿದರೋ ಏನೋ! ಇಂಥ ಊರುಗಳಲ್ಲಿ ಸಮಿತಿ ಮಾಡಬಾರದೆಂದು ಎಲ್ಲಿಯೂ ಬರೆದಿಲ್ಲ. ಮಾಡುವ ಮನಸ್ಸು ಬೇಕು. ಆ ಮನಸ್ಸು ಹಳ್ಳಿಗಳ ವಿಷಯದಲ್ಲೂ ಕಾಣಲಿಲ್ಲ: 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, 2025 ಮುಗಿಯುವವರೆಗೂ ಚುನಾವಣೆ ಇಲ್ಲ. ನಾವು ಯಾರ ಹೆಸರು ಹೊತ್ತಿದ್ದೇವೋ ಆ ಬೆಂಗಳೂರಿನ ಪಾಲಿಕೆಯೇ 2020ರ ಸೆಪ್ಟೆಂಬರಿನಿಂದ ವರ್ಷಗಟ್ಟಲೆ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆಯಿತು.

ಕೇಳದೆ ಮಾಡಿದ ಕೆಲಸಕ್ಕೆ ದಂಡ ತೆರುವವರು ಯಾರು? 2022ರ ಆಗಸ್ಟ್ ಕೊನೆಯಲ್ಲಿ ಮಳೆ ಸುರಿದಾಗ ಕೆರೆಗಳು ಉಕ್ಕಿ ರಾಮನಗರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಹೊಸದಾಗಿ ಕಟ್ಟುತ್ತಿದ್ದ ಹೆದ್ದಾರಿಯೇ ಹೊಳೆಯಾಯಿತು. ಯಾವ ಹಳ್ಳದ ನೀರು ಎತ್ತ ಹರಿಯುತ್ತದೆಂದು ಊರಿನ ಮುದುಕರನ್ನು ಕೇಳಿದ್ದರೆ ಬೀಡಿ ಸೇದುತ್ತಲೇ ಹೇಳಿಬಿಡುತ್ತಿದ್ದರು. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯಕ್ಕೆ ಬಂದು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದರು. ಕಾರುಗಳು ಬೈಪಾಸಿನಲ್ಲಿ ಹಾರಿಹೋದವು. ಹಳೆಯ ರಸ್ತೆಯ ಬಿಡದಿಯ ತಟ್ಟೆ ಇಡ್ಲಿ ಹೋಟೆಲು, ರಾಮನಗರದ ಚಹಾದಂಗಡಿ, ಚನ್ನಪಟ್ಟಣದ ಬೊಂಬೆ ಅಂಗಡಿ ಗಿರಾಕಿಯ ದಾರಿ ಕಾಯುತ್ತ ಕುಳಿತವು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಆ ಹೆದ್ದಾರಿಯ ಮುಖ್ಯ ಮಾರ್ಗದಲ್ಲಿ ಪ್ರವೇಶವಿಲ್ಲ. ಜಮೀನು ನಮ್ಮದು, ದೂಳು ನಮ್ಮದು. ನಾವು ಸರ್ವಿಸ್ ರಸ್ತೆಯವರು. ವೇಗದ ರಸ್ತೆ ಬೇಡವೆಂದು ನಾವು ಹೇಳುವುದಿಲ್ಲ. ವ್ಯಾಪಾರ ಕಳೆದುಕೊಂಡವರ ಗತಿ ಏನೆಂದು ರಸ್ತೆ ಕಟ್ಟುವ ಮೊದಲೇ ನಗರಸಭೆಯಲ್ಲಿ ಚರ್ಚೆಯಾಗಬೇಕಿತ್ತು ಎಂಬುದಷ್ಟೇ ನಮ್ಮ ವಾದ.

ಈ ಊರಿನ ಅನ್ನ ರೇಷ್ಮೆ. ಬೆಳೆಗಾರ ರಾತ್ರಿಯೆಲ್ಲ ಹುಳು ಕಾದು ಗೂಡು ತರುತ್ತಾನೆ; ರೀಲರು ಹರಾಜಿನಲ್ಲಿ ಕೊಂಡು ನೂಲು ತೆಗೆಸುತ್ತಾನೆ; ಕುದಿನೀರಿನಲ್ಲಿ ಕೈ ಬೇಯಿಸಿಕೊಳ್ಳುವವರು ಹೆಣ್ಣುಮಕ್ಕಳು. ಬೆಳೆಗಾರರಲ್ಲಿ ಹೆಚ್ಚಿನವರು ಹಿಂದೂಗಳು, ರೀಲರುಗಳಲ್ಲಿ ಹೆಚ್ಚಿನವರು ಮುಸಲ್ಮಾನರು. ಒಬ್ಬನಿಲ್ಲದೆ ಇನ್ನೊಬ್ಬನ ಒಲೆ ಉರಿಯುವುದಿಲ್ಲ. ಆಷಾಢದಲ್ಲಿ ಚಾಮುಂಡೇಶ್ವರಿ ಕರಗ ಹೊರಟಾಗ, ಪೀರನ್ ಷಾ ವಲಿ ದರ್ಗಾದ ಉರುಸು ನಡೆದಾಗ, ಅಂಗಡಿ ಬೀದಿಯ ವ್ಯಾಪಾರ ಎಲ್ಲರದೂ. ಹೆಸರಿನಲ್ಲಿ ರಾಮನಿದ್ದಾನೋ ಇಲ್ಲವೋ ಎಂದು ಇವರನ್ನು ಕಾದಾಡಿಸಲು ಬರುವವರು, 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಎಲ್ಲಿ ಅಡಗಿದ್ದರು? ಚೀನಾ ರೇಷ್ಮೆಗೆ ಬಾಗಿಲು ತೆರೆಯಿತು, ಗೂಡಿನ ಬೆಲೆ ಕುಸಿಯಿತು. ಸುಂಕವನ್ನು 15ಕ್ಕೆ ಏರಿಸಲು 2013 ಬರಬೇಕಾಯಿತು. ಎರಡು ವರ್ಷ ಸಾಲ ಹೊತ್ತವರು ಹಿಂದೂಗಳೂ ಹೌದು, ಮುಸಲ್ಮಾನರೂ ಹೌದು.

ಕೊನೆಗೆ ಹೊಳೆಯ ಮಾತು. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ 1930ರ ದಶಕದಲ್ಲಿ ಅಣೆಕಟ್ಟು ಕಟ್ಟಿ, ಬೆಂಗಳೂರು ನಮ್ಮ ನದಿಯ ತಿಳಿನೀರು ಕುಡಿಯಿತು. ಕುಡಿದವರು ಏನನ್ನು ಹಿಂದಿರುಗಿಸಿದರು? ವೃಷಭಾವತಿ! ಬೆಂಗಳೂರಿನ ಕಕ್ಕಸು, ಕಾರ್ಖಾನೆಗಳ ಕೊಳಚೆ ಎಲ್ಲವನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲದ ಜಲಾಶಯ ತುಂಬಿ, ನೊರೆಯೆಬ್ಬಿಸಿ, ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಗೆ ಸೇರುತ್ತದೆ. ಅದೇ ನೀರು ಉಯ್ಯಂಬಳ್ಳಿ ಸೀಮೆಯತ್ತ ಇಳಿದು ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. 2022ರ ಜನವರಿಯಲ್ಲಿ ಅದೇ ಸಂಗಮದಿಂದ, ಮೇಕೆದಾಟುವಿನಲ್ಲಿ ಅಣೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಡಬೇಕೆಂದು ಪಾದಯಾತ್ರೆ ಹೊರಟಿತು. ಬೆಂಗಳೂರಿನ ಬಡವನೂ ನೀರು ಕುಡಿಯಲಿ, ನಮ್ಮ ಅಡ್ಡಿಯಿಲ್ಲ. ಆದರೆ ನಮ್ಮ ಹೊಳೆಗೆ ಬಂದು ಬೀಳುವ ಹೊಲಸನ್ನು ನಿಲ್ಲಿಸಿರೆಂದು ಎಷ್ಟು ಮಂತ್ರಿಗಳು ಬೈರಮಂಗಲದಿಂದ ವಿಧಾನಸೌಧಕ್ಕೆ ನಡೆದಿದ್ದಾರೆ?

‘ಬೆಂಗಳೂರು ಎಂಬ ಹೆಸರು ಬಂದರೆ ಜಮೀನಿಗೆ ಬೆಲೆ ಬರುತ್ತದೆ’ ಎಂದು ಬುದ್ಧಿವಂತರು ಹೇಳುತ್ತಾರೆ. ಬರುತ್ತದೆ, ಸ್ವಾಮಿ. ಸೈಟು ಮಾರುವವನಿಗೆ ಲಾಭ. ಬಿಡದಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡುತ್ತ ಒಂದು ಕೋಣೆಯಲ್ಲಿ ನಾಲ್ವರು ಮಲಗುವ ಹುಡುಗನಿಗೆ ಬಾಡಿಗೆ ಏರಿಕೆ. ಬಿಡದಿಯ ಸುತ್ತ ಒಂಬತ್ತು ಹಳ್ಳಿಗಳ ಸಾವಿರಾರು ಎಕರೆಯಲ್ಲಿ ಟೌನ್‌ಶಿಪ್ ಕಟ್ಟಲು ಸರ್ಕಾರ 2025ರಲ್ಲಿ ಭೂಸ್ವಾಧೀನಕ್ಕೆ ಹೊರಟಾಗ ಬೈರಮಂಗಲದ ರೈತರು ಧರಣಿ ಕೂತದ್ದು ಬೆಲೆ ತಿಳಿಯದೆ ಅಲ್ಲ. ಬೆಲೆ ಕಟ್ಟುವವನೂ ಕೊಳ್ಳುವವನೂ ಒಬ್ಬನೇ ಆದ ಸಂತೆ ಎಂಥದೆಂದು ಅವರಿಗೆ ಗೊತ್ತು.

ಗಿರಣಿಯ ಬಂಧುಗಳೇ, ಅಂಗಡಿಯ ಅಣ್ಣಂದಿರೇ, ಮುಂದೆ ನಗರಸಭೆಗೆ ಓಟು ಕೇಳುತ್ತ ಯಾರಾದರೂ ನಿಮ್ಮ ಜಗುಲಿ ಹತ್ತಿದಾಗ ಹೆಸರಿನ ಮಾತು ಬಿಟ್ಟು ಇಷ್ಟು ಕೇಳಿ. ವಾರ್ಡಿನ ಜನರ ಸಭೆಯನ್ನು ವರ್ಷಕ್ಕೆ ಎಷ್ಟು ಸಲ ಕರೆಯುತ್ತೀರಿ? ನಗರಸಭೆಯ ಜಮಾಖರ್ಚನ್ನು ಯಾವ ಗೋಡೆಗೆ ಅಂಟಿಸುತ್ತೀರಿ? ಪ್ರಾಧಿಕಾರದ ಯೋಜನೆಗಳು ನಗರಸಭೆಯ ಒಪ್ಪಿಗೆಯಿಲ್ಲದೆ ನಡೆಯಕೂಡದೆಂದು ಸಭೆಯಲ್ಲಿ ಠರಾವು ತರುತ್ತೀರೋ ಇಲ್ಲವೋ? ಅವರ ಉತ್ತರವನ್ನು ಬಾಯಿಮಾತಿಗೆ ಬಿಡಬೇಡಿ. ಕಾಗದದ ಮೇಲೆ ಬರೆಸಿ, ಕೆಳಗೆ ಸಹಿ ಹಾಕಿಸಿಕೊಳ್ಳಿ.