ಏಡಿಗೆ ಹೆಸರಿಡೋ ಮುಂಚೆ ಕಾಲಾದ್ರೂ ನೋಡಿ ಸ್ವಾಮೀ!

ಕಡಲಡಿಯಲ್ಲಿ ಕಂಡ ಗುರುತಿಲ್ಲದ ಏಡಿಗೆ, ಬೋಟ್ ಹತ್ತಿದ ಐದು ನಿಮಿಷದಲ್ಲಿ ಹೆಸರು ಸಿಕ್ಕೇಬಿಡಬೇಕು ಅನ್ನೋ ಹೊಸ ಹಟ ಶುರುವಾಗಿದೆ. ಇದರ ಬಗ್ಗೆ ನನ್ನದೊಂದು ತಕರಾರಿದೆ. ಸ್ಕೂಬಾ ಮುಗಿಸಿ ಬಂದ ಗೆಳೆಯರ ಆಲ್ಬಂ ತೆರೆಯಿರಿ. ಪ್ರತಿ ಫೋಟೋದ ಕೆಳಗೂ ಎರಡು ಪದದ ಲ್ಯಾಟಿನ್ ಹೆಸರು! ಹೇಗೆ ಗೊತ್ತಾಯ್ತು ಅಂತ ಕೇಳಿದರೆ "ಆ್ಯಪ್ ಹೇಳ್ತು" ಅನ್ನೋ ಉತ್ತರ. ಅಲ್ಲಿಗೆ ಮಾತು ಮುಗೀತು.

ಅಂಡಮಾನಿನ ಸ್ವರಾಜ್ ದ್ವೀಪಕ್ಕೆ (2018ರ ತನಕ ಹ್ಯಾವ್ಲಾಕ್, ನಮ್ಮ ಬಾಯಲ್ಲಿ ಇನ್ನೂ ಅದೇ) ನಾವು ಐದು ಜನ ಹೋಗಿದ್ದೆವು. ಹನ್ನೆರಡು ಮೀಟರ್ ಆಳದಲ್ಲಿ, ಹವಳದ ಬಂಡೆಯ ಸಂದಿಯಲ್ಲಿ, ಮುಷ್ಟಿಗಾತ್ರದ ಒಂದು ಏಡಿ ಕೂತಿತ್ತು. ಅಗಲ ಬೆನ್ನು, ಮಂದ ಕಂದು ಬಣ್ಣ, ಇಕ್ಕಳದ ತುದಿ ಮಾತ್ರ ಮಸಿ ಬಳಿದ ಹಾಗೆ ಕಪ್ಪು. ಮೇಲೆ ಬಂದು ಫೋಟೋವನ್ನು ಫೋನಿಗೆ ಉಣಿಸಿದ್ದಾಯ್ತು. ಮೊದಲ ಉತ್ತರ: ಮಡ್ ಕ್ರ್ಯಾಬ್. ಹಿನ್ನೀರಿನ ಕೆಸರಲ್ಲಿ ಸಿಗುವ, ನಾವು ಹೋಟೆಲಿನಲ್ಲಿ ದುಡ್ಡು ಸುರಿದು ತಿನ್ನುವ ದೊಡ್ಡ ಏಡಿ. ಕುಂದಾಪುರದ ಗೆಳೆಯನಂತೂ "ಛೇ, ಹಿಡ್ಕಂಡ್ ಬಂದಿದ್ರೆ ಘೀ ರೋಸ್ಟ್ ಮಾಡ್ಲಕ್ಕಿತ್ತ್ ಮಾರಾಯಾ" ಅಂತ ಪೇಚಾಡಿಕೊಂಡ.

ಅದೇ ಫೋಟೋದಲ್ಲಿ ಕೊನೆಯ ಜೋಡಿ ಕಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಮಡ್ ಕ್ರ್ಯಾಬ್ ಈಜುವ ಏಡಿಗಳ ಕುಟುಂಬದ್ದು, ಅದರ ಕೊನೆಯ ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇರಬೇಕು. ಇದರದ್ದು ಚೂಪು. ಅಷ್ಟೇ ಸಾಕು, ಆ ಹೆಸರನ್ನು ಹೊಡೆದುಹಾಕಲು. ಅಂಡಾಕಾರದ ಗಟ್ಟಿ ಚಿಪ್ಪು, ಕಪ್ಪು ಇಕ್ಕಳದ ತುದಿ, ಹವಳದ ಸಂದಿಯ ವಾಸ, ಇವೆಲ್ಲ ಬೆರಳು ತೋರಿಸುವುದು ಕ್ಸಾಂಥಿಡೇ ಕುಟುಂಬದ ಕಡೆಗೆ. ಈಗ ಕೇಳಿ. ಆ ಕುಟುಂಬದಲ್ಲೇ ಜೋಸಿಮಸ್ ಈನಿಯಸ್ ಅನ್ನುವ ಏಡಿಯೂ ಇದೆ. ಅದರ ಮೈಯಲ್ಲಿ ಸ್ಯಾಕ್ಸಿಟಾಕ್ಸಿನ್, ಟೆಟ್ರೊಡೊಟಾಕ್ಸಿನ್‌ನಂಥ ನರವಿಷ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ತುಪ್ಪದಲ್ಲಿ ಹುರಿದರೂ ಹೋಗುವುದಿಲ್ಲ. ತಿಂದು ಸತ್ತವರಿದ್ದಾರೆ. ನಾವು ಕಂಡದ್ದು ಅದೇ ಅಂತ ನಾನು ಹೇಳುತ್ತಿಲ್ಲ, ಅಷ್ಟು ವಿವರ ಆ ಫೋಟೋದಲ್ಲಿಲ್ಲ. ಕುಟುಂಬದ ಹೆಸರಿಗೆ ನಿಲ್ಲಿಸಿದೆ. ಗೆಳೆಯರಿಗೆ ಅದು ಸೋಲಿನ ಹಾಗೆ ಕಂಡಿತು!

ಕೋಡ್ ಬರೆದೇ ಹೊಟ್ಟೆ ಹೊರೆಯುವವನು ನಾನು, ಆ್ಯಪಿನ ಮೇಲೆ ದ್ವೇಷವಿಲ್ಲ. ಆದರೆ ಅದು ಒಳಗೆ ಏನು ಮಾಡುತ್ತದೆ ನೋಡಿ. ತರಬೇತಿಗೆ ಸಾಕಷ್ಟು ಫೋಟೋ ಸಿಕ್ಕಿದ ಜೀವಿಗಳನ್ನಷ್ಟೇ ಅದು ಕಲಿತಿರುತ್ತದೆ. ಕಲಿಯದ ಏಡಿಯನ್ನು ತೋರಿಸಿದರೂ, ತನ್ನ ಪಟ್ಟಿಯಲ್ಲಿ ಇರುವುದರಲ್ಲೇ ಹತ್ತಿರದ್ದನ್ನು ಎತ್ತಿಕೊಡುತ್ತದೆ. ನಿಜವಾದ ಏಡಿಗಳ ಪ್ರಭೇದಗಳು 2008ರ ಪಟ್ಟಿಯಲ್ಲೇ 6,793 ಇದ್ದವು. ಅವುಗಳಲ್ಲಿ ಎಷ್ಟಕ್ಕೆ ನೀರಡಿಯ ಒಳ್ಳೆ ಫೋಟೋ ಇದ್ದೀತು? ಮೇಲಾಗಿ ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು. ಫ್ಲ್ಯಾಶ್ ಇಲ್ಲದೆ ತೆಗೆದರೆ ಹನ್ನೆರಡು ಮೀಟರಿನಲ್ಲಿ ಕೆಂಪು ಏಡಿಯೂ ಮಂಕು ಕಂದೇ.

ಇನ್ನೊಂದು ಕಿತಾಪತಿ ಇದೆ. ಐನ್ಯಾಚುರಲಿಸ್ಟ್‌ನಲ್ಲಿ ನೀವು ಹಾಕಿದ ಹೆಸರಿಗೆ ಇನ್ನೊಬ್ಬರು "ಹೌದು" ಅಂದರೂ ಸಾಕು, ಆ ದಾಖಲೆಗೆ ಸಂಶೋಧನಾ ದರ್ಜೆ ಸಿಗಬಹುದು. ಅಲ್ಲಿಂದ ಜಿಬಿಐಎಫ್ ಅನ್ನುವ ಜಾಗತಿಕ ಕಣಜಕ್ಕೂ ಹೋಗಬಹುದು. ಬೋಟಿನ ಮೇಲೆ ಪಕ್ಕದಲ್ಲಿ ಕೂತ ಗೆಳೆಯ ಸ್ನೇಹಕ್ಕೆ ಒತ್ತಿದ "ಹೌದು" ನಾಳೆ ಯಾರದೋ ಅಧ್ಯಯನದಲ್ಲಿ ಒಂದು ಚುಕ್ಕೆ, ಮತ್ತೆ ಅದೇ ಆ್ಯಪಿಗೆ ಮುಂದಿನ ಪಾಠ. ಕಸ ಹಾಕಿ ಕಸ ತೆಗೆಯುವುದು ಅಂದರೆ ಇದೇ ತಾನೆ?

ಪಂಡಿತರೇ ಎಷ್ಟು ಒದ್ದಾಡುತ್ತಾರೆ ಗೊತ್ತಾ? ಮಲ್ಪೆ, ಮಂಗಳೂರಿನ ಬಂದರುಗಳಿಗೆ ಬರುವ ನೀಲಿ ಏಡಿ ಯಾರಿಗೆ ಗೊತ್ತಿಲ್ಲ! ಆ ಜಾತಿಗೆ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ, ಈಗಿನ ಪೋರ್ಚುನಸ್ ಪೆಲಾಜಿಕಸ್. ಎರಡೂವರೆ ಶತಮಾನ ಜಗತ್ತು ಅದನ್ನು ಹಿಡಿಯಿತು, ತಿಂದಿತು. ಕೊನೆಗೆ 2010ರಲ್ಲಿ ಸಂಶೋಧಕರು ಕೂತು ನೋಡಿದಾಗ, ಆ ಒಂದು ಹೆಸರಿನಡಿ ನಾಲ್ಕು ಪ್ರಭೇದಗಳಿದ್ದವು. ಎಷ್ಟೋ ಏಡಿಗಳಲ್ಲಿ ಪ್ರಭೇದ ಖಚಿತವಾಗಬೇಕಾದರೆ ಗಂಡಿನ ಹೊಟ್ಟೆಯ ಮಡಿಕೆ ಬಿಡಿಸಿ ಅದರ ಜನನಾಂಗದ ಆಕಾರ ನೋಡಬೇಕು. ಬೆನ್ನಿನ ಒಂದು ಸೆಲ್ಫಿಯಲ್ಲಿ ಅದೆಲ್ಲಿ ಕಾಣಬೇಕು :-)

"ಏಡಿ ಹೆಸರು ತಪ್ಪಾದ್ರೆ ಏನ್ ಗಂಟು ಹೋಗತ್ತೆ" ಅನ್ನುವವರಿಗೆ ಕಡಲು ಬಿಟ್ಟು ನಮ್ಮ ಕಾಡಿನದ್ದೇ ಒಂದು ಉದಾಹರಣೆ. ಯಲ್ಲಾಪುರದ ಕಡೆ ಬಿಳಿ-ನೇರಳೆ ಬಣ್ಣದ ಸಿಹಿನೀರಿನ ಏಡಿಯೊಂದು ಅರಣ್ಯ ಇಲಾಖೆಯ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಗೊತ್ತಿರುವ ಯಾವುದಕ್ಕೂ ಹೊಂದದ್ದರಿಂದ ವಿಷಯ ತಜ್ಞರ ತನಕ ಹೋಯಿತು, 2022ರಲ್ಲಿ ಘಟಿಯಾನ ದ್ವಿವರ್ಣ ಅಂತ ಹೊಸ ಪ್ರಭೇದವಾಯಿತು. ಹತ್ತಿರದ ಹೆಸರೊಂದನ್ನು ಅಂಟಿಸಿ ಕೈತೊಳೆದುಕೊಂಡಿದ್ದರೆ?

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಮರುದಿನ. "ಇನ್ನೂ ಕ್ಲಿಯರ್ ಫೋಟೋ ಬೇಕು" ಅಂತ ನಮ್ಮವನೊಬ್ಬ ಸನ್ನೆ ಮಾಡಿದ್ದೇ ತಡ, ಗೈಡ್ ಮಹಾಶಯ ಕೈಯಲ್ಲಿದ್ದ ಕಬ್ಬಿಣದ ಕಡ್ಡಿಯಿಂದ ಸಂದಿಯೊಳಗೆ ತಿವಿದು ಇನ್ನೊಂದು ಏಡಿಯನ್ನು ಹೊರಗೆಳೆದ. ಅದು ಒಂದು ಕಾಲನ್ನು ಅಲ್ಲೇ ಕಳಚಿ ಬಿಟ್ಟು ಓಡಿತು. ಏಡಿಗಳು ಹಾಗೆ ಮಾಡುತ್ತವೆ, ಜೀವ ಉಳಿಸಿಕೊಳ್ಳಲು. ಕಾಲು ಮತ್ತೆ ಬೆಳೆಯಲು ಪೊರೆ ಕಳಚಬೇಕು, ಅಲ್ಲಿಯ ತನಕ ಕುಂಟಬೇಕು. ಯಾತಕ್ಕೆ? ನಮ್ಮ ಆಲ್ಬಮ್ಮಿಗೊಂದು ಲ್ಯಾಟಿನ್ ಪದ ಬೇಕಿತ್ತು, ಅದಕ್ಕೆ.

ಮುಟ್ಟದೆಯೇ ನೋಡಲು ಬೇಕಾದಷ್ಟಿದೆ. ಕೊನೆಯ ಕಾಲು ಚೂಪೋ ಚಪ್ಪಟೆಯೋ, ಕಣ್ಣಿನ ಪಕ್ಕದಿಂದ ಚಿಪ್ಪಿನ ಅಂಚಿಗೆ ಎಷ್ಟು ಹಲ್ಲು, ಇಕ್ಕಳದ ತುದಿಯ ಬಣ್ಣ. ನಡೆಯುವ ಕಾಲು ನಾಲ್ಕು ಜೋಡಿ ಬದಲು ಮೂರೇ ಕಾಣುತ್ತಿದ್ದರೆ ಅದು ಪೋರ್ಸಲೀನ್ ಏಡಿ ಇರಬಹುದು. ಹೆಸರಲ್ಲಿ ಏಡಿ ಇದ್ದರೂ ಅದು ನಿಜವಾದ ಏಡಿಗಳ ಗುಂಪಿಗೆ ಸೇರಿದ್ದಲ್ಲ. ಆಳ ಎಷ್ಟು, ಹವಳವೋ ಮರಳೋ, ಹಗಲೋ ರಾತ್ರಿಯೋ ಅಂತ ಬರೆದಿಟ್ಟುಕೊಳ್ಳಿ. ಇಷ್ಟಾದ ಮೇಲೂ ಕುಟುಂಬದ ತನಕವೇ ಗೊತ್ತಾದರೆ ಅಷ್ಟೇ ಹಾಕಿ, ಆ್ಯಪ್ ಬೇಡ ಅನ್ನುವುದಿಲ್ಲ. ಅದೂ ಗೊತ್ತಾಗದಿದ್ದರೆ ಬರೀ ಏಡಿ ಅನ್ನಿ. ತುಳುವಿನವರು ಡೆಂಜಿ ಅನ್ನಲಿ, ಕೊಂಕಣಿಯವರು ಕುರ್ಲಿ ಅನ್ನಲಿ, ಮೈಸೂರು ಕಡೆಯವರು ನಳ್ಳಿ ಅನ್ನಲಿ.